ಲಿಬೆರೊಗೆ ಪಾಯಿಂಟ್ ಇಲ್ಲ

೪ ಅಕ್ಟೋಬರ್ ೨೦೨೪, ಶುಕ್ರವಾರ

ಈ ಡೈರಿ ನನ್ನ ಹೆಂಡತಿ ಕ್ಯಾರೊಲಳ ಕ್ಲಿನಿಕ್ಕಿಗೆ ಯಾವುದೋ ಔಷಧಿ ಕಂಪನಿಯವರು ಕೊಟ್ಟದ್ದು. ಜನವರಿಯಿಂದ ಕಪಾಟಿನಲ್ಲಿ ಬಿದ್ದಿತ್ತು. ಇವತ್ತು ಬರೆದಿಡಲೇಬೇಕಾದ ಸುದ್ದಿ ಇದೆ, ಆದ್ದರಿಂದ ನನ್ನ ವರ್ಷ ಅಕ್ಟೋಬರಿನಿಂದ ಶುರು. ಕ್ಯಾರೊಲ್ ಹುಟ್ಟಿ ಬೆಳೆದದ್ದು ಬೊಂಬಾಯಿಯಲ್ಲಿ, ಅವಳಿಗೆ ಕನ್ನಡ ಓದಲು ಬರುವುದಿಲ್ಲ. ನಮ್ಮ ಪ್ರಾರ್ಥನೆ, ಜಗಳ ಎರಡೂ ಕೊಂಕಣಿಯಲ್ಲಿ. ಬರೆಯಲು ಮಾತ್ರ ನನಗೆ ಶಿರ್ವದ ಶಾಲೆಯಲ್ಲಿ ಕಲಿತ ಕನ್ನಡವೇ ಆಗಬೇಕು. ಹಾಗಾಗಿ ಡೈರಿಗೆ ಬೀಗ ಬೇಕಾಗಿಲ್ಲ.

ಸುದ್ದಿ ಇಷ್ಟು: ನನ್ನ ಐಡಿ ಕಾರ್ಡಿನ ವೃತ್ತಿಯ ಜಾಗದಲ್ಲಿ ಇನ್ನು 'ಸ್ಟೋರ್ ಕೀಪರ್' ಎಂದು ಇರುವುದಿಲ್ಲ. 'ಆಟಗಾರ' ಎಂದು ಇರುತ್ತದೆ.

ದೋಹಾಕ್ಕೆ ಬಂದಾಗಿನಿಂದ ನಾನು ಹಗಲು ಅಬು ಜಾಸಿಮ್ ಅವರ ಸ್ಪೇರ್ ಪಾರ್ಟ್ಸ್ ಸ್ಟೋರಿನಲ್ಲಿ ಬೇರಿಂಗು, ಬೆಲ್ಟು ಎಣಿಸುತ್ತೇನೆ. ಸಂಜೆ ಅವರದೇ ವಾಲಿಬಾಲ್ ಕ್ಲಬ್ಬಿಗೆ ಆಡುತ್ತೇನೆ. ತಂಡದ ಉಳಿದವರದ್ದೂ ಹೀಗೆಯೇ. ಹೊಡೆಯುವವರಿಗೆ ಚೆಂಡು ಎತ್ತಿಕೊಡುವ ಸೆಟ್ಟರ್ ನಾನೇ, ಈಗ ನಾಯಕನೂ ನಾನೇ. ಆದರೆ ಈ ಊರಿನಲ್ಲಿ ಮನುಷ್ಯನ ಮುಖ ಯಾರು ನೋಡುತ್ತಾರೆ? ಕಾರ್ಡ್ ನೋಡುತ್ತಾರೆ. ಬ್ಯಾಂಕಿನವನು ಕುರ್ಚಿ ತೋರಿಸಬೇಕೋ ಬೇಡವೋ ಎಂದು ಆ ಒಂದು ಸಾಲು ಓದಿಯೇ ತೀರ್ಮಾನಿಸುತ್ತಾನೆ. ಮಾವನವರಂತೂ ಫೋನಿನಲ್ಲಿ ಇವತ್ತಿಗೂ 'ಸ್ಟೋರ್ ಹೇಗಿದೆ?' ಎಂದೇ ಕೇಳುವುದು. ಈ ವರ್ಷ ಕ್ಲಬ್ಬಿಗೆ ಎರಡನೇ ದರ್ಜೆಯ ಲೀಗಿನಲ್ಲಿ ಜಾಗ ಸಿಕ್ಕಿದೆ, ಅಲ್ಲಿ ವೃತ್ತಿಪರ ಆಟಗಾರರೇ ಆಗಬೇಕಂತೆ. ಸ್ಟೋರಿಗೆ ಇನ್ನು ನಮಸ್ಕಾರ.

ಇಲ್ಲಿ ಭಾನುವಾರದ ಪೂಜೆಗೂ ಶುಕ್ರವಾರವೇ ಹೋಗುವುದು. ಪೂಜೆ ಮುಗಿದ ಮೇಲೆ ಇಗರ್ಜಿಯ ಅಂಗಳದಲ್ಲಿ ಕಂಡಕಂಡವರಿಗೆಲ್ಲ ಹೇಳಿದೆ. ನಮ್ಮ ತಂಡದ ಮುಖ್ಯ ಹೊಡೆತಗಾರ ನೈಜೆಲ್, ಅವನೂ ಉಡುಪಿ ಕಡೆಯವನೇ, ಎಲ್ಲಿಂದಲೋ ಕೇಕ್ ತಂದ. ಕತ್ತರಿಸಿ ಹಂಚಿದ್ದೂ ಆಯಿತು. "ಕಾಂಟ್ರಾಕ್ಟ್ ಓದಿದ್ದೀಯಾ?" ಎಂದು ಕ್ಯಾರೊಲ್ ಕೇಳಿದಳು. ಕನ್ನಡ ಬಂದಿದ್ದರೆ ಕೂಸು ಹುಟ್ಟುವ ಮುಂಚೆ ಕುಲಾವಿ ಅನ್ನುತ್ತಿದ್ದಳು. ಅವಳದ್ದು ಯಾವಾಗಲೂ ಇದೇ ಕತೆ, ಮದುವೆಯ ದಿನವೂ ರಿಜಿಸ್ಟರ್ ಪೂರ್ತಿ ಓದಿಯೇ ಸಹಿ ಹಾಕಿದವಳು.

೮ ಅಕ್ಟೋಬರ್, ಮಂಗಳವಾರ

ಕಾಂಟ್ರಾಕ್ಟ್ ಬಂತು.

ಕ್ಲಬ್ಬಿನ ಲೆಕ್ಕ, ಆಡಳಿತ ಎಲ್ಲ ಮೈಸೂರಿನ ವೆಂಕಟರಾಮು ಅವರದ್ದು. ಒಳ್ಳೆಯ ಮನುಷ್ಯ, ಆದರೆ ವಾಲಿಬಾಲಿಗೂ ಅವರಿಗೂ ಎಣ್ಣೆ ಸೀಗೆಕಾಯಿ ಸಂಬಂಧ. ನಾಯಕನೆಂದು ನನ್ನನ್ನು ಮೊದಲು ಕರೆದು ಕೂರಿಸಿ, ನಿಧಾನವಾಗಿ ಹೇಳಿದರು.

"ನೋಡಿ ಸೆಲೆಸ್ಟಿನ್, ನೀವೀಗ ಕಾರ್ಮಿಕರಲ್ಲ, ಕ್ರೀಡಾಪಟುಗಳು. ಕನಿಷ್ಠ ವೇತನ, ಊಟದ ದುಡ್ಡು, ರೂಮಿನ ದುಡ್ಡು, ಅದೆಲ್ಲ ಕಾರ್ಮಿಕರಿಗೆ. ಕೆಳದರ್ಜೆ ಲೀಗಿನ ಆಟಗಾರರಿಗೆ ವಿನಾಯಿತಿ ಇದೆ ಅಂತ ಲಾಯರ್ ಬರ್ಕೊಟ್ಟಿದಾರೆ."

"ವಿನಾಯಿತಿ ಅಂದರೆ ನಮಗೆ ಲಾಭವಾ ಸಾರ್?"

ಅವರು ಕನ್ನಡಕ ಒರೆಸಿಕೊಂಡರು. "ವಿನಾಯಿತಿ ಕ್ಲಬ್ಬಿಗೆ."

ಹಾಗಾದರೆ ಸಂಬಳ? ಅದಕ್ಕೆ ಅವರೇ ತಲೆ ಓಡಿಸಿ ಒಂದು ಯೋಜನೆ ಮಾಡಿದ್ದಾರೆ, ಬಹಳ ಹೆಮ್ಮೆಯಿಂದ ವಿವರಿಸಿದರು. ಯಾರು ಪಾಯಿಂಟ್ ಹೊಡೆಯುತ್ತಾರೋ ಅವರಿಗೆ ದುಡ್ಡು. ಹೊಡೆದಷ್ಟೂ ದುಡ್ಡು. ಸೇಲ್ಸಿನ ಹುಡುಗರಿಗೆ ಕಮಿಷನ್ ಇದ್ದ ಹಾಗೆ.

"ಮತ್ತೆ ನಮ್ಮ ಲಿಬೆರೊ ರಾಕೇಶನಿಗೆ?"

"ಅವರೂ ಹೊಡೀಲಿ. ಯಾರು ಬೇಡ ಅಂದ್ರು?"

"ಆಟದ ನಿಯಮವೇ ಬೇಡ ಅನ್ನುತ್ತದೆ ಸಾರ್. ಬೇರೆ ಬಣ್ಣದ ಅಂಗಿ ಹಾಕಿ ಹಿಂದೆ ನಿಲ್ಲುವವನಲ್ಲವಾ ಅವನು? ಎದುರಾಳಿ ಹೊಡೆದದ್ದು ನೆಲಕ್ಕೆ ಬೀಳದ ಹಾಗೆ ಎತ್ತುವುದೊಂದೇ ಅವನ ಕೆಲಸ. ನೆಟ್ಟಿನ ಮೇಲಿಂದ ಹೊಡೆಯುವ ಹಾಗಿಲ್ಲ, ಸರ್ವ್ ಮಾಡುವ ಹಾಗಿಲ್ಲ. ಅವನಿಗೆ ಪಾಯಿಂಟ್ ಅಂತ ಇಲ್ಲವೇ ಇಲ್ಲ."

ವೆಂಕಟರಾಮು ಪೆನ್ನಿನ ಮುಚ್ಚಳ ಹಾಕಿ ತೆಗೆದು ಮಾಡಿದರು. "ಅದು ಸ್ಕೀಮಲ್ಲಿ ಕವರ್ ಆಗಿಲ್ಲ. ಮುಂದಿನ ಸೀಸನ್‌ಗೆ ನೋಡೋಣ. ನಿಮಗೆ ಹೇಗೂ ಕ್ಯಾಪ್ಟನ್ ಅಲೋಯನ್ಸ್ ಇದೆ, ನಿಮಗೇನು ಯೋಚನೆ?"

ನಿಜ, ನನಗೇನು ಯೋಚನೆ. ಕ್ಯಾರೊಲ್‌ಗೂ ಸಂಬಳ ಬರುತ್ತದೆ. ಇಗರ್ಜಿಯಲ್ಲಿ ಕೇಕ್ ತಿಂದವರ ಮುಂದೆ ಈಗ ಹೋಗಿ 'ನಾನು ಪುನಃ ಸ್ಟೋರ್ ಕೀಪರೇ' ಅನ್ನುವುದೇ? ಸಹಿ ಹಾಕಿದೆ. ನಾನು ಹಾಕಿದ್ದು ನೋಡಿ ಉಳಿದವರೂ ಹಾಕಿದರು. ರಾಕೇಶ ಕಾಗದ ಓದಲೂ ಇಲ್ಲ. "ನೀವ್ ಹಾಕಿದೀರಲ್ಲ ಅಣ್ಣ, ಸಾಕು ಬಿಡಿ" ಅಂದ.

೯ ಅಕ್ಟೋಬರ್, ಬುಧವಾರ

ಸ್ಕೀಮಿನ ವಿಷಯ ಪೂರ್ತಿ ಕೇಳಿ, "ರಾಕೇಶನಿಗೆ?" ಎಂದು ಕ್ಯಾರೊಲ್ ಕೇಳಿದಳು. ನಾನು ಟಿವಿಯ ಶಬ್ದ ಜಾಸ್ತಿ ಮಾಡಿದೆ.

೨೦ ಅಕ್ಟೋಬರ್, ಭಾನುವಾರ

ಮೊದಲ ಪಂದ್ಯ. ಸೋತೆವು.

ಆಟವಾಗಿರಲಿಲ್ಲ ಅದು, ಸಂತೆಯಾಗಿತ್ತು. ಪ್ರತಿಯೊಬ್ಬನಿಗೂ ಹೊಡೆಯುವ ಚಪಲ. "ನಂಗೆ, ನಂಗೆ" ಎಂದು ಎಲ್ಲರೂ ನನ್ನನ್ನೇ ಕರೆಯುತ್ತಾರೆ, ಎದುರಾಳಿಯ ಬ್ಲಾಕಿಗೆ ತಾಗಿ ವಾಪಸ್ ಬಂದ ಚೆಂಡನ್ನು ಎತ್ತಲು ಒಬ್ಬನೂ ನಿಲ್ಲುವುದಿಲ್ಲ. ನೈಜೆಲ್ ನೆಟ್ಟಿನ ಈ ತುದಿಯಿಂದ ಆ ತುದಿಗೆ ಓಡಿಬಂದು ಇನ್ನೊಬ್ಬನ ಚೆಂಡನ್ನೂ ಹೊಡೆದ. ಒಂದು ಸಲ ಇಬ್ಬರೂ ಒಟ್ಟಿಗೆ ಹಾರಿ ತಲೆಗೆ ತಲೆ ಡಿಕ್ಕಿಯಾಯಿತು. ಚೆಂಡು ನಿಧಾನವಾಗಿ ಅವರ ನಡುವೆ ಬಿತ್ತು. ಎದುರಾಳಿ ತಂಡದವರು ಚಪ್ಪಾಳೆ ಹೊಡೆದರು.

ನಾನೂ ಕೆಲವು ಸಲ ಸೆಟ್ ಕೊಡುವ ಬದಲು ಎರಡನೇ ಚೆಂಡನ್ನೇ ನೆಟ್ಟಿನಾಚೆ ತಳ್ಳಿದೆ. ಚೆನ್ನಾಗಿ ಬಿತ್ತು. ನಾಯಕನಾದವನು ದಾಳಿಗೂ ಮುಂದಿರಬೇಕಲ್ಲವೇ? ವೆಂಕಟರಾಮು ಅದನ್ನು ಬರೆದುಕೊಂಡದ್ದೂ ಕಾಣಿಸಿತು.

ರಾಕೇಶ ಎಂದಿನಂತೆಯೇ ಬಿದ್ದ, ಎದ್ದ, ಪುನಃ ಬಿದ್ದ. ಅವನು ಎತ್ತಿಕೊಟ್ಟ ಚೆಂಡುಗಳಿಂದಲೇ ನಾವು ಅಷ್ಟಾದರೂ ಪಾಯಿಂಟ್ ಗಳಿಸಿದ್ದು. ಪಂದ್ಯ ಮುಗಿದ ಮೇಲೆ ಮೊಣಕೈಯ ರಕ್ತ ತೊಳೆಯುತ್ತ "ನೈಜೆಲಣ್ಣನ ಅಕೌಂಟ್ ಫುಲ್ಲು ಇವತ್ತು" ಎಂದು ನಕ್ಕ. ಅವನ ನಗುವಿನಲ್ಲಿ ಕೊಂಕು ಇರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು.

೨೬ ಅಕ್ಟೋಬರ್, ಶನಿವಾರ

ರಾಕೇಶ ಎರಡು ಪ್ರಾಕ್ಟೀಸಿಗೆ ಬಂದಿರಲಿಲ್ಲ. ಮುಐದರ್‌ನ ಅವನ ವಿಲ್ಲಾಕ್ಕೆ ಹೋದೆ. ವಿಲ್ಲಾ ಅನ್ನುವುದು ಹೆಸರಿಗೆ, ಒಂದು ಕೋಣೆಯಲ್ಲಿ ನಾಲ್ಕು ಮಂಚ. ಮಧ್ಯಾಹ್ನ ಎರಡು ಗಂಟೆಯ ಹೊತ್ತು, ಅವನು ಖುಬ್ಬೂಸ್ ರೊಟ್ಟಿಯನ್ನು ಮಜ್ಜಿಗೆಯಲ್ಲಿ ಅದ್ದಿ ತಿನ್ನುತ್ತಿದ್ದ. ನನ್ನನ್ನು ಕಂಡು ತಟ್ಟೆ ಮಂಚದ ಕೆಳಗೆ ಸರಿಸಿದ.

"ಡಯೆಟ್ಟು ಅಣ್ಣ. ಮೈ ಹಗುರ ಇದ್ರೆ ಡೈವ್ ಚೆನ್ನಾಗ್ ಬೀಳತ್ತೆ."

ಮೈಸೂರಿನ ಹುಡುಗರು ಸುಳ್ಳನ್ನೂ ಎಷ್ಟು ಮರ್ಯಾದೆಯಿಂದ ಹೇಳುತ್ತಾರೆ. ಸ್ವಲ್ಪ ಹೊತ್ತಾದ ಮೇಲೆ ನಿಜ ಬಂತು. ನವೆಂಬರ್ ಇಪ್ಪತ್ತಕ್ಕೆ ಊರಿಗೆ ಟಿಕೆಟ್ ಮಾಡಿಸಿದ್ದಾನೆ. ಅವನ ಹೆಂಡತಿ ಅಮೂಲ್ಯಾ ಬಸುರಿ. ಅಲ್ಲಿ ಅವಳಣ್ಣನ ಮೊಬೈಲ್ ಅಂಗಡಿಯಲ್ಲಿ ಕೂರುತ್ತಾನಂತೆ.

"ಆಟ?"

"ಬಿಟ್ಬಿಡ್ತೀನಿ. ಮಗು ಬಂದ್ಮೇಲೆ ಯಾರಣ್ಣ ನೆಲದ್ ಮೇಲೆ ಬೀಳ್ತಾ ಕೂತ್ಕೊಳ್ಳೋದು."

ನಾನು ಇಲ್ಲಿ, ಊರಲ್ಲಿ ಸೇರಿ ಎಷ್ಟೋ ಲಿಬೆರೊಗಳ ಜೊತೆ ಆಡಿದ್ದೇನೆ. ಇವನಂತೆ ಚೆಂಡು ಎಲ್ಲಿಗೆ ಬರುತ್ತದೆಂದು ಹೊಡೆಯುವವನಿಗಿಂತ ಮೊದಲೇ ತಿಳಿಯುವವನನ್ನು ನೋಡಿಲ್ಲ. ಇವನು ಗಾಜಿನ ಕೌಂಟರಿನ ಹಿಂದೆ ಕೂತು ಸ್ಕ್ರೀನ್ ಗಾರ್ಡ್ ಅಂಟಿಸುವುದನ್ನು ನೆನೆದರೆ ಹೊಟ್ಟೆ ಉರಿಯುತ್ತದೆ. ಸಿಟ್ಟು ಯಾರ ಮೇಲೆ ಎಂದು ಸರಿಯಾಗಿ ಗೊತ್ತಾಗುತ್ತಿಲ್ಲ. ದಾರಿಯಲ್ಲಿ ಸುಮ್ಮನೆ ಒಬ್ಬ ಟ್ಯಾಕ್ಸಿಯವನಿಗೆ ಹಾರ್ನ್ ಹೊಡೆದೆ.

ಕ್ಯಾರೊಲ್ ಹೇಳದೆ ಕೇಳದೆ ಮೀನುಸಾರು, ಅನ್ನ ಡಬ್ಬಿಗೆ ಹಾಕಿದಳು. ಸಂಜೆ ಪುನಃ ಹೋಗಿ ಕೊಟ್ಟು ಬಂದೆ. ಶನಿವಾರ ಮೀನು ತಿನ್ನುವುದಿಲ್ಲವಂತೆ ಅವನು. ನಾಳೆ ತಿನ್ನುತ್ತೇನೆ ಎಂದು ಅನ್ನ ಮಾತ್ರ ತಿಂದ.

೧ ನವೆಂಬರ್, ಶುಕ್ರವಾರ

ಸಂಬಳ ಬಂದಿದೆ, ಬರಬೇಕಾದವರಿಗೆ.

ಪೂಜೆಯ ನಂತರ ನೈಜೆಲನನ್ನು ಪಕ್ಕಕ್ಕೆ ಕರೆದು, ಪಾಯಿಂಟಿನ ದುಡ್ಡನ್ನೆಲ್ಲ ಒಟ್ಟು ಹಾಕಿ ಸಮನಾಗಿ ಹಂಚಿಕೊಳ್ಳುವ ಎಂದೆ. ನನ್ನ ಅಲೋಯನ್ಸ್ ಕೂಡ ಅದರಲ್ಲೇ ಹಾಕುತ್ತೇನೆ ಎಂದೆ.

"ಎಂತ ಮಾರಾಯ, ನಾನು ಹಾರುದು, ಊರವರು ತಿನ್ನುದಾ?" ಅಂದ. "ನಾನೆಂತ ಸ್ಕೀಮ್ ಮಾಡಿದ್ದಾ? ಹೋಗಿ ವೆಂಕಟರಾಮು ಹತ್ರ ಮಾತಾಡು."

ಮಾತು ಬೆಳೆಯಿತು. ಇಬ್ಬರೂ ಇಗರ್ಜಿಯ ಬಾಗಿಲಲ್ಲಿ ಹೇಳಬಾರದ್ದನ್ನು ಹೇಳಿಕೊಂಡೆವು. ಫಾದರ್ ಹತ್ತಿರ ಬಂದಾಗ ಇಬ್ಬರೂ ಒಟ್ಟಿಗೆ ಹಲ್ಲು ಕಿರಿದೆವು.

೭ ನವೆಂಬರ್, ಗುರುವಾರ

ರಾಕೇಶ ಇಲ್ಲದೆ ಆಡಿದೆವು. ಅವನಿಗೆ ಜ್ವರ. ಖುಬ್ಬೂಸು ಮಜ್ಜಿಗೆಯಲ್ಲಿ ಇನ್ನೇನು ಬರುತ್ತದೆ.

ಮೂರು ಸೆಟ್ಟೂ ನೇರ ಸೋಲು. ಎದುರಾಳಿ ಹೊಡೆದದ್ದೆಲ್ಲ ನಮ್ಮ ನೆಲಕ್ಕೆ. ಚೆಂಡು ಮೇಲೆ ಬಂದರಲ್ಲವೇ ನಾನು ಸೆಟ್ ಮಾಡುವುದು, ನಾನು ಸೆಟ್ ಮಾಡಿದರಲ್ಲವೇ ನೈಜೆಲ್ ಹಾರುವುದು? ಇಡೀ ಪಂದ್ಯ ಅವನು ಕೈ ಚಾಚಿಕೊಂಡು ನೆಟ್ಟಿನ ಬಳಿ ನಿಂತೇ ಇದ್ದ, ಬಸ್ಸು ತಪ್ಪಿಸಿಕೊಂಡವನ ಹಾಗೆ.

ಶೂ ಬಿಚ್ಚುವಾಗ ನನ್ನ ಪಕ್ಕ ಬಂದು ಕೂತ. "ಅವ ಹೋದ್ರೆ ನಂಗೆ ಬಾಲೇ ಸಿಕ್ಕುದಿಲ್ಲ ಮಾರಾಯ" ಅಂದ.

"ಅದನ್ನೇ ಅಲ್ಲವಾ ನಾನು ಹೇಳಿದ್ದು?"

"ನೀನು ಹೇಳಿದ್ದು ಪಾಪ ಪುಣ್ಯದ ಹಾಗೆ. ಇದು ಬಿಸಿನೆಸ್. ಈಗ ಅರ್ಥ ಆಯ್ತು."

ನೈಜೆಲನಿಗೆ ಯಾವ ಬಾಗಿಲಿನಿಂದ ಬುದ್ಧಿ ಬಂದರೇನು, ಒಳಗೆ ಬಂದರೆ ಸರಿ. ಆದರೆ ಹಂಚಿಕೊಂಡು ಎಷ್ಟು ದಿನ ನಡೆದೀತು? ರಮದಾನಿನಲ್ಲಿ ಪಂದ್ಯಗಳೇ ಇರುವುದಿಲ್ಲ. ಪಂದ್ಯವಿಲ್ಲದಿದ್ದರೆ ಪಾಯಿಂಟಿಲ್ಲ, ಸೊನ್ನೆಯನ್ನು ಎಷ್ಟು ಜನಕ್ಕೆ ಹಂಚಿದರೂ ಸೊನ್ನೆಯೇ. ಅಬು ಜಾಸಿಮ್ ಅವರನ್ನೇ ಕಾಣಬೇಕು. ಮಂಗಳವಾರ ಸಂಜೆ ಅವರ ಮಜ್ಲಿಸ್‌ಗೆ, ಅಂದರೆ ಅತಿಥಿಗಳನ್ನು ಕೂರಿಸುವ ಕೋಣೆಗೆ, ಯಾರು ಬೇಕಾದರೂ ಬರಬಹುದೆಂದು ವೆಂಕಟರಾಮು ಹೇಳಿದ್ದಾರೆ. ಹೇಳಿದ ಮೇಲೆ, "ನಾನ್ ಹೇಳ್ದೆ ಅಂತ ಹೇಳ್ಬೇಡಿ" ಎಂದೂ ಹೇಳಿದ್ದಾರೆ.

೧೨ ನವೆಂಬರ್, ಮಂಗಳವಾರ

ಇವತ್ತಿನದನ್ನು ಪೂರ್ತಿ ಬರೆಯಬೇಕು.

ಹೊರಡುವಾಗ ಕ್ಯಾರೊಲ್ ಹೇಳಿದಳು: "ಅವರ ಮನೆಯಲ್ಲಿ ಒಂದು ಗುಟುಕು ನೀರೂ ಕುಡಿಯಬೇಡ. ಕುಡಿದರೆ ದಾಕ್ಷಿಣ್ಯಕ್ಕೆ ಬೀಳುತ್ತೀ. ಮೊದಲು ಕೇಳು, ಆಮೇಲೆ ಕುಡಿ. ನಿನ್ನ ಬುದ್ಧಿ ನನಗೆ ಗೊತ್ತಿಲ್ಲವಾ?" ಗೊತ್ತಿದೆ. ಉಪ್ಪು ತಿಂದ ಮನೆಯಲ್ಲಿ ನನಗೆ ಎದುರು ಮಾತು ಬರುವುದಿಲ್ಲ. ಹಿಂದೊಮ್ಮೆ ರಜೆ ಕೇಳಲು ಹೋದವನು ಎರಡು ಸಮೋಸ ತಿಂದು ಥ್ಯಾಂಕ್ಸ್ ಹೇಳಿ ಬಂದಿದ್ದೆ.

ಇಡೀ ತಂಡ ಹೋದೆವು. ರಾಕೇಶ ಜ್ವರ ಬಿಟ್ಟ ಮುಖದಲ್ಲಿ ಎಲ್ಲರಿಗಿಂತ ಹಿಂದೆ. ವಿಶಾಲವಾದ ಕೋಣೆ, ಗೋಡೆಗೆ ತಾಗಿ ಮೂರು ಕಡೆಯೂ ತಗ್ಗು ಸೋಫಾ. ಒಳಗೆ ಅಬು ಜಾಸಿಮ್, ಮೂಲೆಯಲ್ಲಿ ಜಪಮಣಿ ಎಣಿಸುತ್ತ ಅವರ ವಯಸ್ಸಾದ ಚಿಕ್ಕಪ್ಪ, ಬಾಗಿಲ ಬಳಿ ಬೆವರುತ್ತಿದ್ದ ವೆಂಕಟರಾಮು. ಸುಡಾನಿನ ಒಬ್ಬ ಹಿರಿಯ ಹಿತ್ತಾಳೆಯ ಹೂಜಿಯಿಂದ ಪುಟ್ಟ ಬಟ್ಟಲಿಗೆ ಕಾಫಿ ಸುರಿದು ಕೊಟ್ಟ. ನಾನು ತೆಗೆದುಕೊಂಡು, ಕ್ಯಾರೊಲಳ ಮಾತು ನೆನಪಾಗಿ, ಕುಡಿಯದೆ ಮುಂದಿನ ಮೇಜಿನ ಮೇಲಿಟ್ಟೆ. ಪಕ್ಕದಲ್ಲಿದ್ದ ನೈಜೆಲ್ ಇದೇ ಇಲ್ಲಿನ ಪದ್ಧತಿ ಇರಬೇಕೆಂದು ತಾನೂ ಇಟ್ಟ. ಅವನನ್ನು ನೋಡಿ ಅವನಾಚೆಯವನು. ಹೀಗೆ ರಾಕೇಶನವರೆಗೂ. ತುಂಬಿದ ಬಟ್ಟಲುಗಳ ಸಾಲು.

ಕಾಫಿಯವನು ಹೂಜಿ ಹಿಡಿದು ನಿಂತಲ್ಲೇ ನಿಂತ. ಚಿಕ್ಕಪ್ಪನ ಜಪಮಣಿ ನಿಂತಿತು. ಅಬು ಜಾಸಿಮ್ ಫೋನಿನಲ್ಲಿ ಮಾತಾಡುತ್ತಿದ್ದವರು ಅದನ್ನು ಆರಿಸಿ ಕೆಳಗಿಟ್ಟರು. ಅವರ ಹಿಂದಿ ಚೆನ್ನಾಗಿದೆ, ನಮ್ಮ ಮಾತೆಲ್ಲ ಅದರಲ್ಲೇ ನಡೆಯಿತು.

"ಕುಡಿ," ಅಂದರು.

"ಆಮೇಲೆ ಕುಡೀತೇನೆ."

ನನ್ನ ಮುಖವನ್ನು ಬಹಳ ಹೊತ್ತು ನೋಡಿದರು. ಇಷ್ಟು ವರ್ಷದಲ್ಲಿ ಅವರು ನನ್ನ ಮುಖ ನೋಡಿದ್ದು ಇದೇ ಮೊದಲು ಅನ್ನಿಸಿತು. "ಹಾಗಾದರೆ ಹೇಳು. ಏನು ಬೇಕು?"

ಕಾರಿನಲ್ಲಿ ಉರು ಹೊಡೆದುಕೊಂಡು ಬಂದದ್ದೆಲ್ಲ ಹಾರಿಹೋಯಿತು. ಬಾಯಿಗೆ ಬಂದದ್ದು ಇಷ್ಟೇ: "ನನ್ನನ್ನು ವಾಪಸ್ ಸ್ಟೋರ್ ಕೀಪರ್ ಮಾಡಿ."

"ಆಟಗಾರ ಅಂತ ಬರೆಸಿಕೊಡಿ ಎಂದು ನನ್ನ ತಲೆ ತಿಂದವನು ನೀನೇ ಅಲ್ಲವಾ?"

"ನಾನೇ. ಆದರೆ ಸ್ಟೋರಿನಲ್ಲಿ ಬೇರಿಂಗ್ ಎಣಿಸುವವನಿಗೆ ಇಷ್ಟಕ್ಕಿಂತ ಕಡಿಮೆ ಕೊಡಬಾರದು ಎಂದು ನಿಯಮ ಉಂಟು. ಇವನು ರಾಕೇಶ. ನಿಮ್ಮ ಕ್ಲಬ್ಬಿಗಾಗಿ ದಿನಾ ನೆಲಕ್ಕೆ ಬೀಳುತ್ತಾನೆ. ಕಳೆದ ತಿಂಗಳು ಇವನಿಗೆ ಬಂದದ್ದು ಏನೂ ಇಲ್ಲ. ಆಟಗಾರ ಅಂದರೆ ಇದೇ ಆದರೆ ನಮಗೆ ಬೇಡ. ನಮ್ಮನ್ನೆಲ್ಲ ಸ್ಟೋರಿಗೆ ಹಾಕಿ. ಸಂಜೆ ಮೊದಲಿನ ಹಾಗೆ ಬಂದು ಆಡುತ್ತೇವೆ."

"ಆಗ ಲೀಗಿನಲ್ಲಿ ಆಡಲು ಬಿಡುವುದಿಲ್ಲ," ಅಂದರು ಅವರು.

"ಗೊತ್ತು," ಅಂದೆ.

ವೆಂಕಟರಾಮು ಎದ್ದು ನಿಂತರು. "ಸರ್, ವಿನಾಯಿತಿ ಇದೆ ಅಂತ ಲಾಯರು..."

ಅಬು ಜಾಸಿಮ್ ಕೈ ಎತ್ತಿದರು. "ಲಿಬೆರೊಗೆ ಪಾಯಿಂಟ್ ಎಲ್ಲಿಂದ ಬರುತ್ತದೆ, ವೆಂಕಟ್?"

"ಬರೋದಿಲ್ಲ ಅಂತ ಈಗ ಗೊತ್ತಿದೆ ಸರ್," ಅಂದರು ವೆಂಕಟರಾಮು. ಆಮೇಲೆ, ಪಾಪ, ಧೈರ್ಯ ಮಾಡಿ ಇನ್ನೊಂದು ಮಾತು ಸೇರಿಸಿದರು. "ಆ ಸ್ಕೀಮ್ ನಂದೇ ಸರ್. ತಪ್ಪಾಗಿದೆ."

ಮೂಲೆಯ ಚಿಕ್ಕಪ್ಪ ಅರಬಿಯಲ್ಲಿ ಏನೋ ಅಂದು ನಕ್ಕರು. ಅಬು ಜಾಸಿಮ್ ನಗಲಿಲ್ಲ. ರಾಕೇಶನನ್ನು ಹತ್ತಿರ ಕರೆದು ಅವನ ಮೊಣಕೈ ತಿರುಗಿಸಿ ನೋಡಿದರು. ಹಳೆಯ ಗಾಯ, ಹೊಸ ಗಾಯ, ಎಲ್ಲ ಅಲ್ಲೇ ಇತ್ತು.

"ಇಷ್ಟು ಕೊಡಲೇಬೇಕು ಅಂತಿಲ್ಲ ಎಂದು ವಕೀಲ ಹೇಳಿದ್ದಾನೆ," ಅಂದರು. "ಕೊಡಬಾರದು ಅಂತ ಹೇಳಿಲ್ಲ. ಸ್ಟೋರಿನಲ್ಲಿ ಇದ್ದಷ್ಟೇ ಎಲ್ಲರಿಗೂ ಪ್ರತಿ ತಿಂಗಳು. ಆಡಿದರೂ, ಗಾಯವಾಗಿ ಕೂತರೂ, ರಮದಾನಿನಲ್ಲೂ. ಕಳೆದ ತಿಂಗಳದ್ದೂ ಸೇರಿಸು ವೆಂಕಟ್. ಪಾಯಿಂಟ್ ಲೆಕ್ಕ ಖಲಾಸ್. ಗೆದ್ದರೆ ಬೋನಸ್, ಅದೂ ಎಲ್ಲರಿಗೂ ಸಮ. ಕಾಂಟ್ರಾಕ್ಟಿನಲ್ಲಿ ಬರೆ." ನನ್ನ ಕಡೆ ತಿರುಗಿದರು. "ಈಗ ಕುಡಿ."

ಕುಡಿದೆವು. ತಣ್ಣಗಾಗಿತ್ತು, ಕಹಿ ಬೇರೆ. ನೈಜೆಲ್ ಎರಡನೇ ಸಲ ಹಾಕಿಸಿಕೊಂಡ.

ಹೊರಗೆ ಚಪ್ಪಲಿ ಹಾಕಿಕೊಳ್ಳುವಾಗ ವೆಂಕಟರಾಮು ನನ್ನ ತೋಳು ಹಿಡಿದರು. "ಇದೆಲ್ಲಿ ಕಲಿತ್ರಿ ಸೆಲೆಸ್ಟಿನ್? ಇಲ್ಲಿ ಹಳೇ ಮನೆತನಗಳಲ್ಲಿ ಅತಿಥಿ ಕಾಫಿ ಕುಡೀದೆ ಕೆಳಗಿಟ್ಟ ಅಂದ್ರೆ ಏನೋ ದೊಡ್ಡದು ಕೇಳೋಕೆ ಬಂದಿದಾನೆ ಅಂತ. ಕೊಡ್ತೀನಿ ಅಂತ ಮಾತು ಸಿಗೋವರೆಗೂ ಮುಟ್ಟಲ್ಲ. ಮುಟ್ಟದೆ ಎದ್ದುಹೋದ್ರೆ ಮನೆಯವರಿಗೆ ಅವಮಾನ. ಅವರ ಚಿಕ್ಕಪ್ಪ ಅದನ್ನೇ ಹೇಳಿ ನಕ್ಕಿದ್ದು. ಒಬ್ಬರು ಇಟ್ರೆ ಸರಿ, ಇಡೀ ಟೀಮೇ ಇಡೋದಾ ಅಂತ."

ನಾನು ಕಲಿತದ್ದು ಅಲ್ ಥುಮಾಮಾದ ನನ್ನ ಅಡುಗೆಮನೆಯಲ್ಲಿ ಎಂದು ಅವರಿಗೆ ಹೇಳಲಿಲ್ಲ. ಮನೆಗೆ ಬಂದು ಕ್ಯಾರೊಲ್‌ಗೆ ಹೇಳಿದೆ. ಅವಳು ನಕ್ಕು ನಕ್ಕು ನೆಲದ ಮೇಲೆ ಕೂತಳು. ಆಮೇಲೆ ಕಣ್ಣು ಒರೆಸಿಕೊಂಡು, "ಸ್ಟೋರ್ ಕೀಪರ್ ಮಾಡಿ ಅಂದೆಯಾ? ನಿಜವಾಗಿ?" ಎಂದು ಎರಡು ಸಲ ಕೇಳಿದಳು. ಅದರಲ್ಲೇನು ಅಷ್ಟು ಕೇಳುವಂಥದ್ದು ಎಂದು ನನಗೆ ಅರ್ಥವಾಗಲಿಲ್ಲ.

೧೯ ನವೆಂಬರ್, ಮಂಗಳವಾರ

ಹೊಸ ಕಾಂಟ್ರಾಕ್ಟ್. ಈ ಸಲ ಪ್ರತಿ ಸಾಲನ್ನೂ ಜೋರಾಗಿ ಓದಿಸಿದೆ, ಅರ್ಥವಾಗದವರಿಗೆ ಕನ್ನಡದಲ್ಲಿ, ಮಲಯಾಳದಲ್ಲಿ ಹೇಳಿಸಿದೆ. ಪ್ರಾಕ್ಟೀಸ್ ಪೂರ್ತಿ ಹಾಳಾಯಿತು. ರಾಕೇಶನಿಗೆ "ಓದದೆ ಹಾಕಿದರೆ ಕೈ ಮುರೀತೇನೆ" ಎಂದೆ. ಅವನು ಓದಿ ಮುಗಿಸುವವರೆಗೂ ಯಾರೂ ಸಹಿ ಹಾಕಲಿಲ್ಲ.

ಓದಿದ. ಹಾಕಿದ. ಆದರೆ ನಾಳೆಯ ಟಿಕೆಟ್ ಇನ್ನೂ ಇದೆ. "ಬರ್ಕೊಡೋದು ಬೇರೆ, ಕೊಡೋದು ಬೇರೆ ಅಣ್ಣ" ಅಂದ. ತಪ್ಪೇನು ಹೇಳಿದ? ನನ್ನ ಮಾತು ನಂಬಿಯೇ ಒಮ್ಮೆ ಕೆಟ್ಟವನು. ಟಿಕೆಟ್ಟನ್ನು ಡಿಸೆಂಬರ್ ಎರಡಕ್ಕೆ ಮುಂದೂಡಿಸಲು ಒಪ್ಪಿಸುವಷ್ಟರಲ್ಲಿ ಸಾಕಾಯಿತು. ಅಮೂಲ್ಯಾಳ ಹತ್ತಿರವೂ ಫೋನಿನಲ್ಲಿ ಮಾತಾಡಿದೆ. ಹೆಣ್ಣುಮಗಳು ಬಹಳ ಗಟ್ಟಿ. "ಒಂದು ಸಂಬಳ ನೋಡ್ತೀವಿ ಸಾರ್. ಆಮೇಲೆ ಮಾತು" ಅಂದಳು.

೨೮ ನವೆಂಬರ್, ಗುರುವಾರ

ಗೆದ್ದೆವು. ಐದನೇ ಸೆಟ್ಟಿನಲ್ಲಿ.

ನಾನು ಒಮ್ಮೆಯೂ ಎರಡನೇ ಚೆಂಡು ತಳ್ಳಲಿಲ್ಲ, ನೆನಪೇ ಆಗಲಿಲ್ಲ. ಕೊನೆಯಲ್ಲಿ ರಾಕೇಶ ಜಾಹೀರಾತು ಫಲಕದ ಮೇಲೆ ಬಿದ್ದು ಎತ್ತಿಕೊಟ್ಟ ಚೆಂಡನ್ನು ನೈಜೆಲನಿಗೆ ಇಟ್ಟುಕೊಟ್ಟೆ. ಅವನು ಹೊಡೆದು, ಕುಣಿಯದೆ, ನೇರ ಹೋಗಿ ರಾಕೇಶನನ್ನು ಎಬ್ಬಿಸಿದ. ವೆಂಕಟರಾಮು ಪೆನ್ನು ಕಾಗದ ಇಲ್ಲದೆ ಬಂದಿದ್ದರು. ಮೊದಲ ಸಲ ಪಂದ್ಯ ನೋಡಿದೆ ಅಂದರು.

೧ ಡಿಸೆಂಬರ್, ಭಾನುವಾರ

ಬೆಳಿಗ್ಗೆ ಕ್ಯಾರೊಲ್ ಒಗೆಯಲು ಹಾಕಿದ ನನ್ನ ಶಾರ್ಟ್ಸಿನ ಜೇಬಿನಿಂದ ಹೊಸ ಐಡಿ ಕಾರ್ಡ್ ಒದ್ದೆಯಾಗಿ ಹೊರಗೆ ಬಂತು. ಯಾವಾಗ ಬಂತು ಎಂದಳು. ಸೋಮವಾರವೋ ಮಂಗಳವಾರವೋ ಕೊಟ್ಟರು, ಪ್ರಾಕ್ಟೀಸ್‌ಗೆ ಹೊತ್ತಾಗಿತ್ತು, ಜೇಬಿಗೆ ಹಾಕಿದ್ದೆ. 'ಆಟಗಾರ' ಎಂದೇ ಇದೆಯಂತೆ. ನನಗಿಂತ ಅವಳೇ ಹೆಚ್ಚು ಹೊತ್ತು ನೋಡಿದಳು. ಇವತ್ತು ಸಂಬಳದ ದಿನ, ನನಗೆ ಬೇರೆಯದೇ ಚಿಂತೆ. ಹನ್ನೊಂದಾದರೂ ರಾಕೇಶನ ಫೋನಿಲ್ಲ. ಹನ್ನೆರಡಾದರೂ ಇಲ್ಲ. ನಾನೇ ಮಾಡೋಣವೆಂದರೆ ಧೈರ್ಯ ಸಾಲದು.

ಊಟಕ್ಕೆ ಕೂತಾಗ ಬಂತು. ಆ ಕಡೆ ಫ್ಯಾನಿನ ಶಬ್ದ ಕೇಳುತ್ತಿತ್ತು.

"ಬಂತಾ?" ಎಂದೆ.

"ಬಂತಣ್ಣ. ಎರಡು ತಿಂಗಳದ್ದೂ." ಬ್ಯಾಂಕಿನ ಮೆಸೇಜನ್ನು ನನಗೆ ಓದಿ ಹೇಳಿದ. "ಒಂದ್ ಪಾಯಿಂಟೂ ಹೊಡ್ದಿಲ್ಲ ನಾನು."

ಕೈಯಲ್ಲಿದ್ದ ಅನ್ನವನ್ನು ತಟ್ಟೆಗೆ ಬಿಟ್ಟೆ. ಅವನೇ ಮುಂದುವರಿಸಿದ. ಅಮೂಲ್ಯಾಳಿಗೆ ಹೇಳಿದನಂತೆ. ಟಿಕೆಟ್ ಕ್ಯಾನ್ಸಲ್ ಮಾಡಿ, ಮಗು ಹುಟ್ಟುವಾಗ ರಜೆ ತಗೊಂಡು ಬನ್ನಿ ಅಂದಳಂತೆ. ಅವಳಣ್ಣನ ಅಂಗಡಿಗೆ ಬೇರೆ ಯಾರನ್ನಾದರೂ ನೋಡಿಕೊಳ್ಳಲಿ ಎಂದೂ ಅಂದಳಂತೆ.

"ಸಂಜೆ ಬೇಗ ಬಾ," ಎಂದೆ ನಾನು. "ನಿನ್ನ ಎಡಗಡೆ ಡೈವ್ ಸರಿಯಿಲ್ಲ."